ಬ್ಯಾರಕ್‌ನಲ್ಲಿ ‘ಒಪ್ಪಿಕೊಂಡ’ ಮಾತು: ಜೊತೆ ಕೈದಿಯ ಸಾಕ್ಷ್ಯವನ್ನು ಎದುರಿಸುವುದು ಹೇಗೆ?

ಪ್ರಶ್ನೆ (ಸೇಡಂ ತಾಲ್ಲೂಕಿನ ಓದುಗರಿಂದ): ನಮ್ಮ ತಮ್ಮ ಕೊಲೆ ಕೇಸಿನಾಗ ಕಲಬುರಗಿ ಸೆಂಟ್ರಲ್ ಜೈಲಿನಾಗ ಅದಾನ್ರಿ. ಮೊದಲ ಚಾರ್ಜ್‌ಶೀಟಿನಾಗ ಕಣ್ಣಿಂದ ನೋಡಿದವರು ಯಾರೂ ಇದ್ದಿಲ್ಲ. ಎರಡು ತಿಂಗಳಾದ ಮ್ಯಾಲ ಹೆಚ್ಚುವರಿ ಚಾರ್ಜ್‌ಶೀಟ್ ಹಾಕ್ಯಾರ. ಅವನ ಬ್ಯಾರಕಿನಾಗೇ ಇದ್ದ ಕಳ್ಳತನದ ಕೇಸಿನ ಒಬ್ಬ ಹುಡುಗ, ‘ರಾತ್ರಿ ಮಲಗೋ ಮುಂದ ನನ್ನ ಮುಂದ ಎಲ್ಲ ಒಪ್ಪಿಕೊಂಡಾನ’ ಅಂತ ಹೇಳ್ಯಾನಂತ. ಆ ಹುಡುಗಗ ಈಗ ಬೇಲ್ ಆಗ್ಯದ. ಜೈಲಿನಾಗ ಆಡಿದ ಮಾತು ಸಾಕ್ಷಿ ಆಗ್ತದೇನ್ರಿ? ಅಮೆರಿಕಾದಾಗ ಇಂಥವರಿಗಿ ಬ್ಯಾರೆ ಕಾನೂನೇ ಅದ ಅಂತಾರ. ನಮ್ಮಲ್ಲಿ ಏನದ?

ಉತ್ತರ: ಸಾಕ್ಷಿ ಆಗುತ್ತದೆ. ಆದರೆ ಬಡ ಸಾಕ್ಷಿ. ಅದೊಂದನ್ನೇ ಊರುಗೋಲು ಮಾಡಿಕೊಂಡು ಸರ್ಕಾರಿ ವಕೀಲರು ಶಿಕ್ಷೆಯವರೆಗೆ ನಡೆಯುವುದು ಸುಲಭವಲ್ಲ. ಜೈಲಿನ ಜೊತೆಗಾರ ಹೇಳುವ ಸಾಕ್ಷ್ಯಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಕಲಮು ಇಲ್ಲ. ಇರುವ ನಾಲ್ಕಾರು ಕಲಮುಗಳನ್ನು ಹೊಂದಿಸಿ ನಿಮ್ಮ ವಕೀಲರೇ ಬೇಲಿ ಕಟ್ಟಬೇಕು. ಆ ಹುಡುಗ ಸುಳ್ಳುಗಾರ ಎಂದು ಸಾಬೀತು ಮಾಡಲು ಹೊರಟರೆ ದಾರಿ ತಪ್ಪುತ್ತದೆ. ಅವನು ಹೇಳಿದ ವಿವರ ನಿಮ್ಮ ತಮ್ಮನ ಬಾಯಿಯಿಂದಲ್ಲದೆ ಬೇರೆ ಎಲ್ಲಿಂದ ಅವನಿಗೆ ಸಿಗಬಹುದಿತ್ತು, ಹೇಳಿದ್ದಕ್ಕೆ ಅವನಿಗೆ ಏನು ದಕ್ಕಿತು, ಈ ಎರಡನ್ನು ಕಾಗದದ ಮೇಲೆ ತೋರಿಸಿದರೆ ಕೆಲಸ ಮುಕ್ಕಾಲು ಆದಂತೆ.

ಮೊದಲು ಯಾವ ಕಾಯ್ದೆ ಎಂದು ನೋಡಿ. ತನಿಖೆಯೋ ವಿಚಾರಣೆಯೋ 2024ರ ಜುಲೈ 1ಕ್ಕೆ ಮುಂಚೆಯೇ ನಡೆಯುತ್ತಿದ್ದರೆ 1872ರ ಹಳೆಯ ಸಾಕ್ಷ್ಯ ಕಾಯ್ದೆಯೇ ಅನ್ವಯ. ಆಮೇಲೆ ಶುರುವಾಗಿದ್ದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮ. ತತ್ವ ಹೆಚ್ಚುಕಡಿಮೆ ಒಂದೇ, ಕಲಮಿನ ನಂಬರು ಬೇರೆ. ಹಳೆಯ 24, 25, 26, 27 ಈಗ 22 ಮತ್ತು 23ರೊಳಗೆ ಸೇರಿವೆ. ಇಲ್ಲಿ ಹೊಸ ನಂಬರುಗಳನ್ನೇ ಕೊಡುತ್ತೇನೆ.

ಕಲಮು 23 ಹೇಳುವುದು ಇಷ್ಟು: ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವಂತಿಲ್ಲ. ಪೊಲೀಸ್ ಕಸ್ಟಡಿಯಲ್ಲಿದ್ದಾಗ ಬೇರೆ ಯಾರ ಮುಂದೆ ಒಪ್ಪಿಕೊಂಡರೂ, ಮ್ಯಾಜಿಸ್ಟ್ರೇಟರು ಎದುರಿಗಿಲ್ಲದಿದ್ದರೆ, ಅದೂ ನಡೆಯದು. ಆದರೆ ಜೈಲು ಎಂದರೆ ನ್ಯಾಯಾಂಗ ಬಂಧನ, ಪೊಲೀಸ್ ಕಸ್ಟಡಿಯಲ್ಲ. ಆದ್ದರಿಂದ ಸೆಂಟ್ರಲ್ ಜೈಲಿನ ಬ್ಯಾರಕ್‌ನಲ್ಲಿ ಆಡಿದ ಮಾತಿಗೆ ಈ ನಿಷೇಧ ತಾನಾಗಿ ತಟ್ಟುವುದಿಲ್ಲ. ಹೊಸ ವಕೀಲರು ಎಡವುವುದು ಇಲ್ಲಿಯೇ. ‘ಕಸ್ಟಡಿಯಲ್ಲಿ ಹೇಳಿದ್ದು, ಹಾಗಾಗಿ ಬಾರದು’ ಎಂದು ಒಂದೇ ಸಾಲಿನ ಆಕ್ಷೇಪ ಬರೆದುಕೊಟ್ಟು ಕೂರುತ್ತಾರೆ, ಅದು ತಿರಸ್ಕೃತವಾಗುತ್ತದೆ.

ಹಾಗಂತ ಈ ಬಾಗಿಲು ಪೂರ್ತಿ ಮುಚ್ಚಿದೆ ಎಂದೂ ತಿಳಿಯಬೇಡಿ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಕಲಮು 187ರಲ್ಲಿ 15 ದಿನಗಳ ಪೊಲೀಸ್ ಕಸ್ಟಡಿಯನ್ನು ಒಟ್ಟಿಗೇ ಪಡೆಯಬೇಕಿಲ್ಲ. ಅಪರಾಧದ ಗುರುತ್ವ ನೋಡಿ ಮೊದಲ 40 ಅಥವಾ 60 ದಿನಗಳೊಳಗೆ ತುಂಡು ತುಂಡಾಗಿ ಕೇಳಬಹುದು. ಅಂದರೆ ಜೈಲಿಗೆ ಹೋದ ಆರೋಪಿ ಮತ್ತೆ ಠಾಣೆಯ ಲಾಕಪ್ಪಿಗೆ ಬಂದಿರುವ ದಿನಗಳು ಇರಬಹುದು. ಸಾಕ್ಷಿ ಹೇಳುವ ‘ಆ ರಾತ್ರಿ’ ಅಂಥ ದಿನದಲ್ಲಿ ಬಿದ್ದರೆ ಒಂದೋ ಇಬ್ಬರೂ ಒಟ್ಟಿಗೆ ಇರಲೇ ಇಲ್ಲ, ಇಲ್ಲವೇ ಮಾತು ಲಾಕಪ್ಪಿನಲ್ಲಿ ನಡೆದಿದೆ. ಮೊದಲನೆಯದಾದರೆ ಸಾಕ್ಷಿ ಸುಳ್ಳು, ಎರಡನೆಯದಾದರೆ ಕಲಮು 23ರ ತಡೆ. ರಿಮಾಂಡ್ ಆದೇಶಗಳ ಪ್ರತಿ ತೆಗೆಸಿ, ದಿನಾಂಕಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ.

ಇನ್ನೊಂದು ಸಂಗತಿ. ಪೊಲೀಸರು ತಾವು ನೇರವಾಗಿ ಮಾಡಲಾಗದ್ದನ್ನು ಮತ್ತೊಬ್ಬರ ಕೈಯಿಂದ ಮಾಡಿಸಿದರೆ ಅದನ್ನು ಸುಪ್ರೀಂ ಕೋರ್ಟ್ ಒಪ್ಪಿಲ್ಲ. ಹಿಮಾಚಲ ಪ್ರದೇಶದ ಕಿಶೋರ್ ಚಂದ್ ಪ್ರಕರಣದಲ್ಲಿ ಆರೋಪಿಯನ್ನು ಊರಿನ ಪ್ರಧಾನನ ಬಳಿ ಬಿಟ್ಟು ಪೊಲೀಸರು ಸರಿದಿದ್ದರು. ಆಗ ಬಂದ ತಪ್ಪೊಪ್ಪಿಗೆಯೂ ಕಸ್ಟಡಿಯ ನೆರಳಲ್ಲೇ ಬಂದದ್ದು ಎಂದು 1990ರಲ್ಲಿ ನ್ಯಾಯಾಲಯ ಅದನ್ನು ಹೊರಗಿಟ್ಟಿತು. ನಿಮ್ಮ ತಮ್ಮನ ಬ್ಯಾರಕ್‌ಗೆ ಈ ಹುಡುಗನನ್ನು ನಡುವೆ ತಂದು ಹಾಕಿದ್ದರೆ, ಅದಕ್ಕೆ ಹಿಂದೆಮುಂದೆ ಠಾಣೆಯವರು ಅವನನ್ನು ಕಂಡಿದ್ದರೆ ಈ ತರ್ಕಕ್ಕೆ ಬಲ ಬರುತ್ತದೆ. ಅಂಥ ದಾಖಲೆ ಇಲ್ಲದೆ ಬರೀ ಅನುಮಾನದ ಮೇಲೆ ಈ ವಾದ ಹೂಡಬೇಡಿ.

ತೂಕದ ವಿಚಾರಕ್ಕೆ ಬರೋಣ. ನ್ಯಾಯಾಲಯದ ಹೊರಗೆ ಮಾಡಿದ ತಪ್ಪೊಪ್ಪಿಗೆ ಸ್ವಭಾವತಃ ದುರ್ಬಲ, ಅದನ್ನು ಬಹಳ ಎಚ್ಚರದಿಂದ ನೋಡಬೇಕು, ಸ್ವಇಚ್ಛೆಯಿಂದ ಬಂದಿರಬೇಕು, ಬೇರೆ ಸಾಂದರ್ಭಿಕ ಸಾಕ್ಷ್ಯದ ಸರಪಳಿ ಅದಕ್ಕೆ ಹೊಂದಬೇಕು ಎಂಬುದನ್ನು 2012ರ ಸಹದೇವನ್ ವಿರುದ್ಧ ತಮಿಳುನಾಡು ರಾಜ್ಯ ತೀರ್ಪು ಒಂದೆಡೆ ಕಲೆಹಾಕಿದೆ. ನಿಮ್ಮ ವಕೀಲರು ಇದನ್ನು ಹಿಡಿಯುತ್ತಾರೆ. ಎದುರಿನವರು 1977ರ ಪಿಯಾರಾ ಸಿಂಗ್ ತೀರ್ಪನ್ನು ತರುತ್ತಾರೆ. ಇಂಥ ತಪ್ಪೊಪ್ಪಿಗೆಗೆ ಪ್ರತಿ ಸಲವೂ ಪೂರಕ ಸಾಕ್ಷ್ಯ ಬೇಕೇಬೇಕೆಂಬ ನಿಯಮವಿಲ್ಲ ಎಂದು ಅದು ಹೇಳುತ್ತದೆ. ಹೀಗಾಗಿ ‘ದುರ್ಬಲ ಸಾಕ್ಷ್ಯ’ ಎಂಬ ಮಂತ್ರ ಜಪಿಸಿ ಸುಮ್ಮನಾಗುವಂತಿಲ್ಲ. ಈ ಸಾಕ್ಷಿ ಯಾಕೆ ದುರ್ಬಲ ಎಂದು ಬಿಡಿಸಿ ತೋರಿಸಬೇಕು.

ನ್ಯಾಯಾಧೀಶರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ: ಇವನಿಗೇ ಯಾಕೆ ಹೇಳಿದ? ಮನುಷ್ಯ ಗುಟ್ಟು ಬಿಡುವುದು ನಂಬಿಕೆಯವರ ಹತ್ತಿರ. ಎಂಟು ದಿನದ ಪರಿಚಯದ ಕಳ್ಳತನದ ಆರೋಪಿಯ ಹತ್ತಿರ ಕೊಲೆಯ ವಿಷಯ ಬಿಚ್ಚಿಡಲು ಕಾರಣ ಏನು? ಊರು, ಸಂಬಂಧ, ಹಳೆಯ ಗೆಳೆತನ ಯಾವುದೂ ಇಲ್ಲದಿದ್ದರೆ ಅದನ್ನು ಸಾಕ್ಷಿಯ ಬಾಯಿಂದಲೇ ಹೇಳಿಸಬೇಕು.

ಎರಡನೆಯದು ನಿಖರ ಪದಗಳು. ತಪ್ಪೊಪ್ಪಿಗೆಯ ಸಾಕ್ಷಿ ಸಾಧ್ಯವಾದಷ್ಟೂ ಆರೋಪಿ ಆಡಿದ ಮಾತನ್ನೇ ಹೇಳಬೇಕು, ಸಾರಾಂಶವನ್ನಲ್ಲ. ನಮ್ಮ ಭಾಗದಲ್ಲಿ ಇದು ಬಹಳ ಹರಿತವಾದ ಅಸ್ತ್ರ, ಆದರೂ ಬಳಸುವವರು ಕಡಿಮೆ. ಸೇಡಂ ಕಡೆಯವರ ಮನೆಮಾತು ತೆಲುಗಿರಬಹುದು, ತಾಂಡಾದವರಾದರೆ ಲಂಬಾಣಿ, ಕಲಬುರಗಿ ಪೇಟೆಯವರಾದರೆ ಉರ್ದು. ಪೊಲೀಸರು ಬರೆದುಕೊಂಡ ಹೇಳಿಕೆ ಮಾತ್ರ ‘ಸದರಿ ಆರೋಪಿಯು ನನ್ನ ಸಮಕ್ಷಮದಲ್ಲಿ ಸದರಿ ಕೃತ್ಯವನ್ನು ತಾನೇ ಎಸಗಿರುವುದಾಗಿ’ ಎಂದು ಓಡುತ್ತದೆ. ಇಬ್ಬರೂ ಯಾವ ಭಾಷೆಯಲ್ಲಿ ಮಾತಾಡಿದಿರಿ? ಅವನು ಮೊದಲು ಆಡಿದ ಮಾತು ಯಾವುದು? ಆ ಮಾತನ್ನು ಅವನ ಭಾಷೆಯಲ್ಲೇ ಹೇಳಿ. ಈ ಮೂರು ಪ್ರಶ್ನೆಗೆ ಕಂಠಪಾಠದ ಸಾಕ್ಷಿ ತಡವರಿಸುವುದೇ ಹೆಚ್ಚು.

ಮೂರನೆಯದು ವಿವರದ ಮೂಲ. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಜೈಲಿನಲ್ಲಿ ಒಬ್ಬರ ಕೇಸು ಇನ್ನೊಬ್ಬರಿಗೆ ಗೊತ್ತಾಗಲು ತಪ್ಪೊಪ್ಪಿಗೆಯೇ ಬೇಕಿಲ್ಲ. ಚಾರ್ಜ್‌ಶೀಟಿನ ನಕಲು ಆರೋಪಿಯ ಕೈಗೆ ಬರುತ್ತದೆ, ಅವನಿಗೆ ಓದಲು ಬಾರದು, ಬ್ಯಾರಕ್‌ನಲ್ಲಿ ಅಕ್ಷರ ಬಲ್ಲ ಒಬ್ಬನಿಗೆ ‘ಏನು ಬರೆದಾರ ಓದಿ ಹೇಳೋ’ ಎನ್ನುತ್ತಾನೆ. ಓದಿದವನಿಗೆ ಪಂಚನಾಮೆಯ ಜಾಗ, ಕೊಡಲಿಯ ಅಳತೆ, ಗಾಯಗಳ ಸಂಖ್ಯೆ, ಸಾಕ್ಷಿಗಳ ಹೆಸರು ಎಲ್ಲವೂ ಸಿಕ್ಕಿತು. ಇದಲ್ಲದೆ ಪತ್ರಿಕೆ, ರಿಮಾಂಡ್ ಅರ್ಜಿ, ಕೋರ್ಟಿಗೆ ಕರೆದೊಯ್ಯುವ ವ್ಯಾನಿನೊಳಗಿನ ಹರಟೆ, ಮುಲಾಖತ್ತಿಗೆ ಬಂದವರ ಮಾತು. ಲಾಸ್ ಏಂಜಲೀಸ್‌ನಲ್ಲಿ ಲೆಸ್ಲಿ ವೈಟ್ ಎಂಬ ಕೈದಿ 1988ರಲ್ಲಿ ಜೈಲಿನ ಅಧಿಕಾರಿಗಳ ಎದುರೇ ಒಂದು ಫೋನ್ ಹಿಡಿದು, ತಾನು ಅಧಿಕಾರಿ ಎಂದು ನಟಿಸಿ, ಮುಖವನ್ನೇ ನೋಡದ ಆರೋಪಿಯ ಕೇಸಿನ ಒಳ ವಿವರಗಳನ್ನು ಸಂಗ್ರಹಿಸಿ ತೋರಿಸಿದ. ಆಮೇಲೆ ಅಲ್ಲಿನ ಗ್ರ್ಯಾಂಡ್ ಜ್ಯೂರಿ (ನಾಗರಿಕರ ತನಿಖಾ ಮಂಡಳಿ) ತನಿಖೆ ನಡೆಸಿ 1990ರಲ್ಲಿ ಕೊಟ್ಟ ವರದಿ ಈ ವಿಷಯದಲ್ಲಿ ದೊಡ್ಡ ತಿರುವು. ಅವನಿಗೆ ಫೋನ್ ಬೇಕಾಯಿತು, ನಮ್ಮಲ್ಲಿ ಪಕ್ಕದ ಹಾಸಿಗೆಯವನ ಚೀಲದಲ್ಲಿ ಚಾರ್ಜ್‌ಶೀಟ್ ಇದ್ದರೆ ಸಾಕು.

ಆದ್ದರಿಂದ ಒಂದು ಕೋಷ್ಟಕ ಮಾಡಿಸಿ. ಎಡಗಡೆ ಸಾಕ್ಷಿ ಹೇಳಿದ ಒಂದೊಂದು ವಿವರ. ಅದರ ಎದುರು ಅದು ಎಫ್‌ಐಆರ್‌ನಲ್ಲಿದೆಯೇ, ರಿಮಾಂಡ್ ಅರ್ಜಿಯಲ್ಲಿದೆಯೇ, ಮೊದಲ ಚಾರ್ಜ್‌ಶೀಟಿನಲ್ಲಿದೆಯೇ, ಪತ್ರಿಕೆಯಲ್ಲಿ ಬಂದಿತ್ತೇ, ಯಾವ ದಿನ. ಎಲ್ಲ ವಿವರವೂ ಮೊದಲೇ ಕಾಗದದ ಮೇಲಿದ್ದರೆ, ಅದರಲ್ಲೂ ಕಾಗದದಲ್ಲಿದ್ದ ತಪ್ಪು ಇವನ ಬಾಯಲ್ಲೂ ಬಂದಿದ್ದರೆ, ಸಾಕ್ಷ್ಯದ ಬೆಲೆ ಇಳಿಯಿತು. ತಪ್ಪು ಹೊಂದುವುದು ಸರಿ ಹೊಂದುವುದಕ್ಕಿಂತ ಹೆಚ್ಚು ಹೇಳುತ್ತದೆ: ಚಾರ್ಜ್‌ಶೀಟಿನಲ್ಲಿ ‘ಎಡ ಭುಜ’ ಎಂದಿದ್ದು, ಶವಪರೀಕ್ಷೆ ವರದಿಯಲ್ಲಿ ಬಲ ಭುಜ ಇದ್ದು, ಇವನೂ ಎಡ ಎಂದರೆ ಅವನ ಕಿವಿಗೆ ಬಿದ್ದದ್ದು ನಿಮ್ಮ ತಮ್ಮನ ಮಾತಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಪೊಲೀಸರಿಗೇ ಗೊತ್ತಿರದ ಸಂಗತಿಯನ್ನು ಈ ಹುಡುಗ ಹೇಳಿ, ಆಮೇಲೆ ಹುಡುಕಿದಾಗ ಅದು ಸಿಕ್ಕಿದ್ದರೆ, ಉದಾಹರಣೆಗೆ ಕಾಗಿಣಾ ದಂಡೆಯ ಯಾವುದೋ ಬಾವಿಯಲ್ಲಿ ಬಟ್ಟೆ ಸಿಕ್ಕಿದ್ದರೆ, ನಿಮಗೆ ನಿಜವಾದ ಕಷ್ಟ. ಅದು ಕಲಮು 23ರ ಪರಂತುಕ, ಅಂದರೆ ಆ ನಿಷೇಧಕ್ಕಿರುವ ವಿನಾಯಿತಿ, ಹೇಳುವ ‘ಪತ್ತೆ’ ಅಲ್ಲ. ಆ ಪರಂತುಕಕ್ಕೆ ಪೊಲೀಸ್ ಕಸ್ಟಡಿಯಲ್ಲಿದ್ದ ಆರೋಪಿಯೇ ಮಾಹಿತಿ ಕೊಟ್ಟಿರಬೇಕು. ಆದರೂ ಸಾಕ್ಷಿಯ ಮಾತಿಗೆ ಅದು ಬಲವಾದ ಪುಷ್ಟಿ. ಹಾಗಾಗಿ ಸಾಕ್ಷಿಯ ಹೇಳಿಕೆಯ ದಿನಾಂಕ ಮೊದಲೋ ವಸ್ತು ಸಿಕ್ಕ ದಿನಾಂಕ ಮೊದಲೋ ಎಂಬುದನ್ನು ಮೊದಲ ದಿನವೇ ನೋಡಿ.

ಇನ್ನು ಹುಡುಗನಿಗೆ ಸಿಕ್ಕಿದ್ದು. ಅಮೆರಿಕದಲ್ಲಿ ಶಿಕ್ಷೆ ಕಡಿತದ ಒಪ್ಪಂದ ಬರವಣಿಗೆಯಲ್ಲಿರುವುದುಂಟು. ನಮ್ಮಲ್ಲಿ ಲಾಭ ಸದ್ದಿಲ್ಲದೆ ಬರುತ್ತದೆ: ಜಾಮೀನು ಅರ್ಜಿಗೆ ಸರ್ಕಾರಿ ವಕೀಲರು ತಕರಾರು ಹಾಕದಿರುವುದು, ಎರಡನೇ ಕೇಸಿನಲ್ಲಿ ಬಾಡಿ ವಾರಂಟ್ (ಬೇರೆ ಕೇಸಿಗಾಗಿ ಜೈಲಿನಿಂದ ಕರೆಸುವ ಆದೇಶ) ಬರದಿರುವುದು, ಊರ ಹತ್ತಿರದ ಜೈಲಿಗೆ ವರ್ಗ, ಒಳ್ಳೆಯ ಬ್ಯಾರಕ್. ಇವನ ಕೇಸಿನ ಪೂರ್ತಿ ಕಡತ ತೆಗೆಸಿ. ಇ-ಕೋರ್ಟ್ಸ್ ತಾಣದಲ್ಲಿ ಅವನ ಹೆಸರಿನಿಂದ, ಅಥವಾ ಪ್ರತಿ ಕೇಸಿಗೂ ಇರುವ 16 ಅಕ್ಷರ-ಅಂಕೆಗಳ ಸಿಎನ್‌ಆರ್ ಸಂಖ್ಯೆಯಿಂದ ದಿನಚರಿ ನೋಡಬಹುದು. ಮೊದಲ ಜಾಮೀನು ಅರ್ಜಿ ವಜಾ ಆಗಿ, ಹೇಳಿಕೆ ಕೊಟ್ಟ ಮೇಲೆ ಎರಡನೆಯದು ತಕರಾರಿಲ್ಲದೆ ಮಂಜೂರಾಗಿದ್ದರೆ ಆ ಎರಡು ಆದೇಶಗಳ ದೃಢೀಕೃತ ಪ್ರತಿ ನಿಮ್ಮ ಬಳಿ ಇರಬೇಕು. ಇವನು ಬೇರೆ ಕೇಸಿನಲ್ಲೂ ಹೀಗೆ ‘ಕೇಳಿಸಿಕೊಂಡವ’ ಆಗಿದ್ದನೇ ಎಂಬುದು ಆ ತಾಣದಲ್ಲಿ ನೇರವಾಗಿ ಸಿಗದು, ಅಲ್ಲಿ ಹುಡುಕುವುದು ಪಕ್ಷಕಾರರ ಹೆಸರನ್ನು. ಸೆಷನ್ಸ್ ತೀರ್ಪುಗಳ ಕೊನೆಯಲ್ಲಿರುವ ಸಾಕ್ಷಿಗಳ ಪಟ್ಟಿಯನ್ನು ಕಣ್ಣಾರೆ ನೋಡಬೇಕು. ಬೇಸರದ ಕೆಲಸ ನಿಜ, ಆದರೆ ಎರಡನೇ ಕೇಸು ಸಿಕ್ಕರೆ ಅದರಷ್ಟು ಗಟ್ಟಿ ಬೇರೇನೂ ಇಲ್ಲ.

ಸಾಕ್ಷ್ಯ ಅಧಿನಿಯಮದ ಕಲಮು 158ರಲ್ಲಿ ಸಾಕ್ಷಿಗೆ ಲಂಚ ಅಥವಾ ಬೇರೆ ಭ್ರಷ್ಟ ಆಮಿಷ ಸಿಕ್ಕಿದ್ದನ್ನು ಸಾಬೀತು ಮಾಡಿ ಅವನ ನಂಬಿಕೆಯನ್ನು ಕೆಡಿಸಬಹುದು. ಪಕ್ಷಪಾತದ ಬಗ್ಗೆ ಕೇಳಿದ ಪ್ರಶ್ನೆಗೆ ಅವನು ‘ಇಲ್ಲ’ ಎಂದರೆ ಆ ಉತ್ತರವನ್ನು ಅಲ್ಲಗಳೆಯುವ ದಾಖಲೆ ತರಲು ಕಲಮು 156ರಲ್ಲಿ ಅವಕಾಶವಿದೆ. ಮಾಹಿತಿ ಎಲ್ಲಿಂದ ಬಂತೆಂದು ಪೊಲೀಸರನ್ನು ಒತ್ತಾಯಿಸಬಾರದೆಂಬ ಕಲಮು 131ನ್ನು ತನಿಖಾಧಿಕಾರಿ ಅಡ್ಡ ಹಿಡಿಯಬಹುದು. ಆ ರಕ್ಷಣೆ ಇರುವುದು ಗುಪ್ತ ಬಾತ್ಮೀದಾರನಿಗೆ. ಕಟಕಟೆ ಹತ್ತಿ ನಿಂತವನಲ್ಲಿ ಗುಪ್ತವಾಗಿ ಉಳಿದದ್ದೇನು?

ಅವನು ನಿಮ್ಮ ತಮ್ಮನ ಕೇಸಿನಲ್ಲೇ ಆರೋಪಿಯಾಗಿದ್ದರೆ ಲೆಕ್ಕ ಬೇರೆ. ಆಗ ಅವನು ಮಾಫಿ ಸಾಕ್ಷಿ. ಸುರಕ್ಷಾ ಸಂಹಿತೆಯ ಕಲಮು 343ರಂತೆ ಕ್ಷಮೆ ಕೊಡಬೇಕು, ಆಗಲೇ ಜಾಮೀನಿನಲ್ಲಿಲ್ಲದಿದ್ದರೆ ವಿಚಾರಣೆ ಮುಗಿಯುವವರೆಗೆ ಒಳಗೇ ಇಡಬೇಕು, 1957ರ ಸರ್ವಣ್ ಸಿಂಗ್ ತೀರ್ಪಿನ ಎರಡು ಪರೀಕ್ಷೆ ದಾಟಬೇಕು: ಸಾಕ್ಷಿ ನಂಬಲರ್ಹನಿರಬೇಕು, ಮುಖ್ಯ ವಿಷಯಗಳಲ್ಲಿ ಬೇರೆಡೆಯಿಂದ ಪುಷ್ಟಿಯೂ ಸಿಗಬೇಕು. ಜೊತೆ ಕೈದಿಗೆ ಇದ್ಯಾವ ಕಟ್ಟುಪಾಡೂ ಇಲ್ಲ. ಪಾಲುಗಾರನಿಗೆ ಇಷ್ಟು ಬಿಗಿ, ಪಕ್ಕದಲ್ಲಿ ಮಲಗಿದ್ದವನಿಗೆ ಏನೂ ಇಲ್ಲ. ನಮ್ಮ ಕಾನೂನಿನ ಈ ಕೊರತೆ ನನಗೆ ಎದ್ದು ಕಾಣುತ್ತದೆ.

ಈಗ ಮಾಡಬೇಕಾದದ್ದು. ಇಲ್ಲಿಂದ ಮುಂದೆ ಬರೀ ‘ಕಲಮು’ ಎಂದರೆ ಸುರಕ್ಷಾ ಸಂಹಿತೆಯದು. ವಿಚಾರಣೆ ಶುರುವಾದ ಮೇಲೆ ಹೆಚ್ಚಿನ ತನಿಖೆ ನಡೆದಿದ್ದರೆ ಕಲಮು 193(9)ರಂತೆ ಆ ನ್ಯಾಯಾಲಯದ ಅನುಮತಿ ಬೇಕು, 90 ದಿನಗಳಲ್ಲಿ ಮುಗಿಸಬೇಕು, ಹೆಚ್ಚು ಬೇಕಾದರೆ ಮತ್ತೆ ಅನುಮತಿ. ಅದು ಇದೆಯೇ ನೋಡಿ. ತನಿಖಾಧಿಕಾರಿ ಸಂಗ್ರಹಿಸಿಯೂ ಚಾರ್ಜ್‌ಶೀಟಿಗೆ ಆಧಾರ ಮಾಡಿಕೊಳ್ಳದ ಹೇಳಿಕೆ, ದಾಖಲೆಗಳ ಪಟ್ಟಿಯನ್ನು ಕೇಳಿ. ಅಂಥ ಪಟ್ಟಿಯನ್ನು ಆರೋಪಿಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಕರಡು ನಿಯಮಗಳ ಜೊತೆ ಹೇಳಿತು, 2022ರ ಮನೋಜ್ ಪ್ರಕರಣದಲ್ಲಿ ಮತ್ತೆ ಒತ್ತಿ ಹೇಳಿತು. ಈ ಹುಡುಗನ ಮೊದಲ ಹೇಳಿಕೆ ಬೇರೆ ರೀತಿ ಇದ್ದು ಬದಿಗೆ ಸರಿದಿದ್ದರೆ ಇಲ್ಲಿಯೇ ಸುಳಿವು ಸಿಗುತ್ತದೆ.

ಕಲಮು 94ರ ಕೆಳಗೆ ಜೈಲಿನ ದಾಖಲೆ ತರಿಸಲು ಅರ್ಜಿ ಹಾಕಿಸಿ. ‘ಎಲ್ಲ ದಾಖಲೆ ಕೊಡಿಸಿ’ ಎಂದು ಬರೆದರೆ ಮೀನು ಹಿಡಿಯಲು ಬಲೆ ಬೀಸಿದ್ದಾರೆ ಎಂದು ವಜಾ ಆಗುತ್ತದೆ. ಹೆಸರು, ದಿನಾಂಕ ಹಿಡಿದು ಕೇಳಿ: ಇಬ್ಬರೂ ಜೈಲಿಗೆ ಬಂದ ಮತ್ತು ಹೋದ ದಿನಗಳು, ಬ್ಯಾರಕ್ ಹಂಚಿಕೆ ಮತ್ತು ಬದಲಾವಣೆ, ಆ ದಿನ ಯಾರು ಯಾರನ್ನು ಕೋರ್ಟಿಗೋ ಆಸ್ಪತ್ರೆಗೋ ಕರೆದೊಯ್ದರು, ಹುಡುಗನನ್ನು ಕಾಣಲು ಬಂದವರ ಮುಲಾಖತ್ ಮತ್ತು ಗೇಟ್ ಪುಸ್ತಕದ ನಮೂದು, ಬ್ಯಾರಕ್ ಬದಲಿಸಿದ ಆದೇಶ ಯಾರದು. ಹೇಳಿಕೆಯನ್ನು ಜೈಲಿನೊಳಗೇ ಪಡೆದಿದ್ದರೆ ಅದಕ್ಕೆ ಕೋರ್ಟಿನ ಅನುಮತಿಯ ಆದೇಶ ಇದೆಯೇ, ಹೊರಗೆ ಬಂದ ಮೇಲೆ ಪಡೆದಿದ್ದರೆ ಬಿಡುಗಡೆಯಾದ ಎಷ್ಟನೇ ದಿನ. ಕೇಳಿದ ದಿನಕ್ಕೂ ಪೊಲೀಸರಿಗೆ ಹೇಳಿದ ದಿನಕ್ಕೂ ಅಂತರವಿದ್ದು ಅದಕ್ಕೆ ವಿವರಣೆ ಇಲ್ಲದಿದ್ದರೆ ಅದೂ ಒಂದು ಬಿರುಕು.

ಪಾಟೀ ಸವಾಲಿನಲ್ಲಿ ಆಗುವ ದೊಡ್ಡ ತಪ್ಪು, ‘ಅವನು ನಿನಗೆ ಹಾಗೆ ಹೇಳಲೇ ಇಲ್ಲ ಅಲ್ಲವೇ?’ ಎಂದು ಶುರು ಮಾಡುವುದು. ಸಾಕ್ಷಿ ಮತ್ತೊಮ್ಮೆ ಕಥೆಯನ್ನೆಲ್ಲ ಹೇಳುತ್ತಾನೆ, ಮುಖ್ಯ ವಿಚಾರಣೆಯಲ್ಲಿ ಬಿಟ್ಟದ್ದನ್ನೂ ಸೇರಿಸುತ್ತಾನೆ. ಮೊದಲು ಅವನ ಕೇಸು, ಅವನ ಜಾಮೀನು, ಪೊಲೀಸರು ಅವನನ್ನು ಕಂಡ ದಿನಗಳು. ಆಮೇಲೆ ಭಾಷೆ, ಪರಿಚಯ, ಬ್ಯಾರಕ್‌ನಲ್ಲಿ ಎಷ್ಟು ಜನ ಮಲಗುತ್ತಿದ್ದರು, ಬೇರೆ ಯಾರಿಗೂ ಕೇಳಿಸಲಿಲ್ಲವೇ ಎಂಬುದು. ‘ನೀನು ಹೇಳುತ್ತಿರುವುದು ಸುಳ್ಳು’ ಎಂಬ ಪ್ರಶ್ನೆ ಕಟ್ಟಕಡೆಗೆ. ಪೊಲೀಸ್ ಹೇಳಿಕೆಯಲ್ಲಿ ಇಲ್ಲದ್ದನ್ನು ಕೋರ್ಟಿನಲ್ಲಿ ಹೇಳಿದರೆ ಆ ಭಾಗವನ್ನು ಸಾಕ್ಷಿಯ ಗಮನಕ್ಕೆ ತಂದು ಬರೆಸಿ, ತನಿಖಾಧಿಕಾರಿಯ ಬಾಯಿಂದ ‘ನನ್ನ ಮುಂದೆ ಹಾಗೆ ಹೇಳಿಲ್ಲ’ ಎಂದು ಹೇಳಿಸಬೇಕು. ಮಹತ್ವದ ಲೋಪವೂ ವಿರೋಧಾಭಾಸ ಆಗಬಹುದು ಎಂದು ಕಲಮು 181ರ ವಿವರಣೆ ಹೇಳುತ್ತದೆ. ತನಿಖಾಧಿಕಾರಿಯನ್ನು ಕೇಳುವುದು ಮರೆತರೆ ಪಟ್ಟ ಶ್ರಮವೆಲ್ಲ ನೀರಿಗೆ. ಕೊನೆಗೆ ಕಲಮು 351ರ ವಿಚಾರಣೆಯಲ್ಲಿ ಈ ಸಾಕ್ಷ್ಯವನ್ನು ನಿಮ್ಮ ತಮ್ಮನ ಮುಂದೆ ಇಟ್ಟಾಗ ‘ಸುಳ್ಳು’ ಎಂಬ ಒಂದೇ ಶಬ್ದ ಸಾಲದು. ನ್ಯಾಯಾಲಯದ ಅನುಮತಿಯಿಂದ ಲಿಖಿತ ಹೇಳಿಕೆ ಕೊಟ್ಟು, ಚಾರ್ಜ್‌ಶೀಟ್ ಯಾರ ಕೈಯಲ್ಲಿ ಓದಿಸಿದ್ದು ಎಂಬಂಥ ಸಂಗತಿ ಇದ್ದರೆ ಅದನ್ನು ಬರೆಯಲಿ.

ಅಮೆರಿಕದ ಮಾತು ಕೇಳಿದಿರಿ. ಅಲ್ಲಿ ಒಂದೇ ಕಾನೂನಿಲ್ಲ, ರಾಜ್ಯಕ್ಕೊಂದು ಬಗೆ. ವಕೀಲರಿರುವ ಆರೋಪಿಯ ಬಾಯಿ ಬಿಡಿಸಲು ಸರ್ಕಾರವೇ ಕೈದಿಯನ್ನು ಬಳಸಿದರೆ ಆ ಮಾತು ಸಾಕ್ಷ್ಯವಾಗದು ಎಂದು ಅವರ ಸುಪ್ರೀಂ ಕೋರ್ಟ್ 1980ರ ಹೆನ್ರಿ ಪ್ರಕರಣದಲ್ಲಿ ಹೇಳಿತು, ಸುಮ್ಮನೆ ಕಿವಿಗೊಟ್ಟು ಕೂತಿದ್ದರೆ ತಡೆಯಿಲ್ಲ ಎಂದು 1986ರ ಕುಲ್‌ಮನ್ ಪ್ರಕರಣದಲ್ಲಿ ಸಡಿಲಿಸಿತು. ಕ್ಯಾಲಿಫೋರ್ನಿಯಾದಲ್ಲಿ 2012ರಿಂದ ಪೂರಕ ಸಾಕ್ಷ್ಯವಿಲ್ಲದೆ ಇಂಥವನೊಬ್ಬನ ಮಾತಿನ ಮೇಲೆ ಶಿಕ್ಷೆ ಇಲ್ಲ. ಇಬ್ಬರು ಕೈದಿಗಳು ಒಬ್ಬರಿಗೊಬ್ಬರು ಪುಷ್ಟಿಯಾಗಬೇಕಾದರೆ ಅವರು ಈ ಬಗ್ಗೆ ಮಾತಾಡಿಕೊಂಡಿಲ್ಲ ಎಂದು ತೋರಿಸಬೇಕು. ಇಲಿನಾಯ್‌ನಲ್ಲಿ ಜ್ಯೂರಿಯ (ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಮುಂದೆ ಬರುವ ಮೊದಲೇ ನ್ಯಾಯಾಧೀಶರು ವಿಶ್ವಾಸಾರ್ಹತೆ ಪರೀಕ್ಷಿಸುತ್ತಾರೆ. ಟೆಕ್ಸಾಸ್ 2017ರಲ್ಲಿ, ಕನೆಕ್ಟಿಕಟ್ 2019ರಲ್ಲಿ ಇಂಥ ಸಾಕ್ಷಿಗಳ ಮತ್ತು ಅವರಿಗೆ ಕೊಟ್ಟ ಸವಲತ್ತಿನ ದಾಖಲೆ ಇಡಲು ಕಾನೂನು ಮಾಡಿದವು. ಕೆನಡಾದಲ್ಲಿ ಥಾಮಸ್ ಸೊಫೊನೊವ್ ಎಂಬ ನಿರಪರಾಧಿಗೆ ಶಿಕ್ಷೆಯಾದದ್ದರ ವಿಚಾರಣಾ ಆಯೋಗ 2001ರಲ್ಲಿ, ಇವರನ್ನು ಸಾಮಾನ್ಯವಾಗಿ ಕಟಕಟೆಗೆ ತರಲೇಬಾರದು ಎಂದಿತು.

ಇವುಗಳಲ್ಲಿ ನಮಗೆ ಹೊಂದುವುದು ಯಾವುದು? ಇಲಿನಾಯ್ ಮಾದರಿಯ ಮುಂಚಿತ ಪರೀಕ್ಷೆಯನ್ನು ಹೊಗಳುವವರು ಬಹಳ. ನಮಗೆ ಅದು ಅಷ್ಟು ಉಪಯೋಗಿ ಎಂದು ನನಗೆ ಅನಿಸಿಲ್ಲ. ಅಲ್ಲಿ ನ್ಯಾಯಾಧೀಶರು ಶೋಧಿಸಿ ಜ್ಯೂರಿಯ ಕಿವಿಗೆ ಬೀಳದಂತೆ ತಡೆಯುತ್ತಾರೆ. ನಮ್ಮಲ್ಲಿ ಜ್ಯೂರಿ ಇಲ್ಲ, ಶೋಧಿಸುವವರೂ ತೂಗುವವರೂ ಒಬ್ಬರೇ. ನಮಗೆ ಬೇಕಿರುವುದು ಟೆಕ್ಸಾಸ್, ಕನೆಕ್ಟಿಕಟ್‌ಗಳಂಥ ರಿಜಿಸ್ಟರು. ಕಲಬುರಗಿ, ಬೀದರ, ಯಾದಗಿರಿ, ಪ್ರತಿ ಜಿಲ್ಲೆಯ ಅಭಿಯೋಜನಾ ಕಚೇರಿಯಲ್ಲೂ ಒಂದು ಪುಸ್ತಕ: ಯಾವ ಕೈದಿ, ಯಾವ ಕೇಸಿನಲ್ಲಿ, ಯಾವ ದಿನ ಹೇಳಿದ, ಅವನ ಸ್ವಂತ ಕೇಸಿನಲ್ಲಿ ಆಮೇಲೆ ಏನಾಯಿತು. ಚಾರ್ಜ್‌ಶೀಟಿನ ಜೊತೆ ಸವಲತ್ತಿನ ಲಿಖಿತ ಘೋಷಣೆ, ಏನೂ ಕೊಡದಿದ್ದರೆ ‘ಏನೂ ಇಲ್ಲ’ ಎಂದೇ ಸಹಿ. ಮೊದಲ ಹೇಳಿಕೆಯ ಧ್ವನಿ-ದೃಶ್ಯ ಮುದ್ರಣ ಕಡ್ಡಾಯ. ಕಲಮು 180ರಲ್ಲಿ ಅದಕ್ಕೆ ಈಗಲೇ ಅವಕಾಶವಿದೆ, ಕಡ್ಡಾಯ ಮಾತ್ರ ಅಲ್ಲ. ಮುದ್ರಣವಿದ್ದರೆ ವಿವರಗಳು ಸಾಕ್ಷಿಯ ಬಾಯಿಂದ ಬಂದವೋ ಪ್ರಶ್ನೆಯೊಳಗಿಂದ ಬಂದವೋ ತಿಳಿಯುತ್ತದೆ.

ಮನೆಯವರಿಗೆ ಎರಡು ಮಾತು. ಆ ಹುಡುಗನ ಮನೆಗೆ ಹಿರಿಯರನ್ನು ಕಳಿಸಿ ‘ಸಮಾಧಾನ’ ಮಾಡಲು ಹೋಗಬೇಡಿ. ಸಾಕ್ಷಿಯನ್ನು ಬೆದರಿಸಿದರೆಂಬ ಹೊಸ ಕೇಸು ಬರುತ್ತದೆ, ತಮ್ಮನ ಜಾಮೀನಿನ ದಾರಿಯೂ ಮುಚ್ಚುತ್ತದೆ. ಸುಳ್ಳು ಸಾಕ್ಷ್ಯದ ದೂರು ಈಗಲೇ ಬೇಡ, ಅವನ ಸಾಕ್ಷ್ಯ ಮುಗಿದು ಕೋರ್ಟಿಗೆ ಹಾಗೆ ಅನಿಸಿದಾಗ ಕಲಮು 379ರ ದಾರಿ ಇದೆ. ತಮ್ಮನಿಗೆ ಮುಂದಿನ ಮುಲಾಖತ್ತಿನಲ್ಲಿ ಹೇಳಿ: ಕೇಸಿನ ಕಾಗದ ಬ್ಯಾರಕ್‌ನಲ್ಲಿ ಇಟ್ಟುಕೊಳ್ಳುವುದು ಬೇಡ, ಓದಿಸುವುದಿದ್ದರೆ ವಕೀಲರ ಕೈಯಲ್ಲೇ ಓದಿಸಲಿ. ವಕೀಲರ ಖರ್ಚು ಹೊರಲಾಗದಿದ್ದರೆ ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಕಲಮು 12ರಂತೆ ಉಚಿತ ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ ಅಥವಾ 15100ಕ್ಕೆ ಫೋನ್ ಮಾಡಿ. ಇಷ್ಟೆಲ್ಲದರಲ್ಲಿ ಈ ವಾರವೇ ಆಗಬೇಕಾದದ್ದು ಒಂದು: ಬ್ಯಾರಕ್ ಮತ್ತು ಗೇಟಿನ ಸಿಸಿಟಿವಿ ದೃಶ್ಯ ಉಳಿಸಿಡಲು ಆದೇಶ ಕೇಳುವ ಅರ್ಜಿ. ರಿಜಿಸ್ಟರು ವರ್ಷಗಟ್ಟಲೆ ಇರುತ್ತದೆ, ಸಿಸಿಟಿವಿಯ ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುತ್ತ ಹೋಗುತ್ತದೆ.